ಜೆಡ್‌ಎಫ್‌ಎಸ್ ಪೂಲ್‌ನಲ್ಲಿ ಚೆಕ್‌ಸಮ್ ದೋಷ ಕಾಣಿಸಿಕೊಂಡಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿ, ಕಾಲೇಜು, ಆಸ್ಪತ್ರೆ, ಸ್ಟುಡಿಯೊಗಳಲ್ಲಿ ಹಲವು ಡಿಸ್ಕ್‌ಗಳನ್ನು ಒಗ್ಗೂಡಿಸಿ ಜೆಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯ ಪೂಲ್ ಕಟ್ಟಿಕೊಂಡು, ಅದನ್ನು ಲಿನಕ್ಸ್, ಫ್ರೀಬಿಎಸ್‌ಡಿ ಅಥವಾ ಟ್ರೂನ್ಯಾಸ್ ಮೇಲೆ ನಡೆಸುತ್ತಿರುವವರಿಗಾಗಿ ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ಎಲ್ಲಕ್ಕಿಂತ ಮೊದಲು ಒತ್ತಿ ಹೇಳಬೇಕಾದ ಮಾತೊಂದಿದೆ. ಚೆಕ್‌ಸಮ್ ಎಂದರೆ ದತ್ತಾಂಶದಿಂದ ಲೆಕ್ಕ ಹಾಕಿ ಇಟ್ಟುಕೊಳ್ಳುವ ಪರಿಶೀಲನಾ ಸಂಖ್ಯೆ; ಓದಿದ ದತ್ತಾಂಶ ಅದಕ್ಕೆ ತಾಳೆಯಾಗದಿದ್ದರೆ ಅದು ಚೆಕ್‌ಸಮ್ ದೋಷ. ಅದು ಕಂಡ ಕೂಡಲೇ ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ದತ್ತಾಂಶವು ಮೆಮೊರಿಯಿಂದ ಹೊರಟು, ಕಂಟ್ರೋಲರ್ ಮತ್ತು ಕೇಬಲ್ ದಾಟಿ ಡಿಸ್ಕ್ ಸೇರಿ, ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುವವರೆಗೆ ಎಲ್ಲಿ ಬೇಕಾದರೂ ಕೆಡಬಹುದು. ದಾರಿಯ ಯಾವ ಹಂತದಲ್ಲಿ ಕೆಟ್ಟಿತು ಎಂಬುದನ್ನು ಪತ್ತೆಮಾಡದೆ ಡಿಸ್ಕ್ ಬದಲಾಯಿಸಿದರೆ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

‘ಜೆಡ್‌ಪೂಲ್ ಸ್ಟೇಟಸ್’ ಕೊಟ್ಟಾಗ ಸಿಕೆಸಮ್ ಎಂಬ ಕಾಲಮ್‌ನಲ್ಲಿ ಸೊನ್ನೆಯ ಬದಲು ಬೇರೆ ಸಂಖ್ಯೆ ಇದೆ. ಇದರ ಅರ್ಥವೇನು?

ಆ ಪಟ್ಟಿಯಲ್ಲಿ ಪ್ರತಿ ಡಿಸ್ಕಿನ ಮುಂದೆ ರೀಡ್, ರೈಟ್, ಸಿಕೆಸಮ್ ಎಂಬ ಮೂರು ಎಣಿಕೆಗಳಿರುತ್ತವೆ. ರೀಡ್ ಮತ್ತು ರೈಟ್ ಎಣಿಕೆಗಳು ಏರಿದರೆ, ಓದಲು ಅಥವಾ ಬರೆಯಲು ತನ್ನಿಂದ ಆಗಲಿಲ್ಲ ಎಂದು ಡಿಸ್ಕೋ ಅದರ ಡ್ರೈವರೋ ತಾನಾಗಿಯೇ ವರದಿ ಮಾಡಿದೆ ಎಂದರ್ಥ. ಸಿಕೆಸಮ್ ಎಣಿಕೆಯ ಸ್ವಭಾವವೇ ಬೇರೆ. ಇಲ್ಲಿ ಡಿಸ್ಕ್ ಯಾವ ತಕರಾರೂ ಇಲ್ಲದೆ ದತ್ತಾಂಶವನ್ನು ಕೊಟ್ಟಿದೆ, ಆದರೆ ಕೊಟ್ಟದ್ದು ಬರೆದದ್ದರ ಹಾಗಿಲ್ಲ.

ಇದನ್ನು ಕಂಡುಹಿಡಿಯಲು ಸಾಧ್ಯವಾಗುವುದು ಜೆಡ್‌ಎಫ್‌ಎಸ್‌ನ ಮೂಲ ವಿನ್ಯಾಸದಿಂದ. ಪ್ರತಿ ಬ್ಲಾಕಿನ ಚೆಕ್‌ಸಮ್ ಅನ್ನು ಆ ಬ್ಲಾಕಿನ ಜೊತೆಯಲ್ಲಿ ಇಡದೆ, ಅದನ್ನು ತೋರಿಸುವ ಮೇಲಿನ ಹಂತದ ಬ್ಲಾಕ್ ಪಾಯಿಂಟರ್‌ನಲ್ಲಿ ಇಡಲಾಗುತ್ತದೆ. ಡಿಸ್ಕ್ ತಪ್ಪು ಜಾಗದ ಬ್ಲಾಕನ್ನು ಓದಿಕೊಟ್ಟರೂ, ಬರೆಯಲು ಹೇಳಿದ್ದನ್ನು ಬರೆಯದೆ ಹಳೆಯ ಬ್ಲಾಕನ್ನೇ ಉಳಿಸಿಕೊಂಡಿದ್ದರೂ, ಆ ಬ್ಲಾಕ್ ತನ್ನಷ್ಟಕ್ಕೆ ಸರಿಯಾಗಿಯೇ ಕಾಣುತ್ತದೆ. ಮೇಲಿನ ಹಂತದಲ್ಲಿರುವ ಚೆಕ್‌ಸಮ್‌ಗೆ ಮಾತ್ರ ಅದು ತಾಳೆಯಾಗುವುದಿಲ್ಲ. ಮಿರರ್ (ಒಂದೇ ದತ್ತಾಂಶವನ್ನು ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳಲ್ಲಿ ಇಡುವ ಜೋಡಣೆ) ಅಥವಾ ರೇಡ್‌ಜೆಡ್ (ಹೋದದ್ದನ್ನು ಮರುಲೆಕ್ಕ ಹಾಕಲು ಪ್ಯಾರಿಟಿ ಎಂಬ ಹೆಚ್ಚುವರಿ ದತ್ತಾಂಶವನ್ನು ಡಿಸ್ಕ್‌ಗಳಲ್ಲಿ ಹಂಚಿಡುವ ಜೋಡಣೆ) ಇದ್ದರೆ ಜೆಡ್‌ಎಫ್‌ಎಸ್ ಇನ್ನೊಂದು ಪ್ರತಿಯನ್ನು ಓದಿ ಅಥವಾ ಪ್ಯಾರಿಟಿಯಿಂದ ಮರುಲೆಕ್ಕ ಹಾಕಿ, ಚೆಕ್‌ಸಮ್‌ಗೆ ಹೊಂದುವ ದತ್ತಾಂಶವನ್ನು ಬಳಕೆದಾರರಿಗೆ ಕೊಟ್ಟು, ಕೆಟ್ಟ ಪ್ರತಿಯನ್ನೂ ಸರಿಪಡಿಸುತ್ತದೆ.

ಪರದೆಯ ಮೇಲೆ ‘ಅನ್‌ರಿಕವರಬಲ್ ಎರರ್’ ಎಂದು ಬಂದಿದೆ. ದತ್ತಾಂಶ ಹೋಯಿತೇ?

ಸಂದೇಶವನ್ನು ಕೊನೆಯವರೆಗೆ ಓದಿ, ಅದರ ಜೊತೆಗಿರುವ ಸಂಕೇತವನ್ನು ನೋಡಿ. ಸಂಕೇತವು 9ಪಿ ಎಂದು ಮುಗಿದಿದ್ದರೆ ಒಂದು ಡಿಸ್ಕಿನ ಮಟ್ಟದಲ್ಲಿ ದೋಷ ಸಂಭವಿಸಿದೆ, ಪೂಲ್ ಅದನ್ನು ಸರಿಪಡಿಸಲು ಯತ್ನಿಸಿದೆ, ನಿಮ್ಮ ಅಪ್ಲಿಕೇಶನ್‌ಗಳಿಗೆ ತೊಂದರೆಯಾಗಿಲ್ಲ ಎಂದು ತಿಳಿಯಬೇಕು. 8ಎ ಎಂದು ಮುಗಿದಿದ್ದರೆ ಮಾತ್ರ ಕೆಲವು ಬ್ಲಾಕ್‌ಗಳ ಸರಿಯಾದ ಪ್ರತಿ ಎಲ್ಲಿಯೂ ಸಿಕ್ಕಿಲ್ಲ, ಅಂದರೆ ದತ್ತಾಂಶ ನಿಜವಾಗಿಯೂ ನಷ್ಟವಾಗಿದೆ. ಈ ಎರಡನ್ನು ಒಂದೇ ಎಂದು ಭಾವಿಸಿ ಗಾಬರಿಯಾಗುವವರು ಬಹಳ ಮಂದಿ. ಗಾಬರಿಯಲ್ಲಿ ಮಾಡುವ ಕೆಲಸಗಳೇ ಹಲವು ಸಲ ಸಣ್ಣ ದೋಷವನ್ನು ದೊಡ್ಡ ನಷ್ಟವಾಗಿಸುತ್ತವೆ.

ಹಾಗಾದರೆ ಮೊಟ್ಟಮೊದಲು ಏನು ಮಾಡಬೇಕು?

ಸರ್ವರನ್ನು ರೀಬೂಟ್ ಮಾಡಬೇಡಿ, ‘ಜೆಡ್‌ಪೂಲ್ ಕ್ಲಿಯರ್’ ಕೊಡಬೇಡಿ, ಯಾವ ಡಿಸ್ಕನ್ನೂ ಹೊರಗೆಳೆಯಬೇಡಿ. ಮೂರು ಕಾಲಮ್‌ಗಳ ಎಣಿಕೆಗಳು ಮೆಮೊರಿಯಲ್ಲಷ್ಟೇ ಇರುವುದರಿಂದ ರೀಬೂಟ್ ಆದೊಡನೆ ಸೊನ್ನೆಯಾಗುತ್ತವೆ, ಅದರೊಂದಿಗೆ ಪತ್ತೆಯ ಸುಳಿವೂ ಅಳಿಸಿಹೋಗುತ್ತದೆ. ಮೊದಲು ‘ಜೆಡ್‌ಪೂಲ್ ಸ್ಟೇಟಸ್ -ವಿ’, ‘ಜೆಡ್‌ಪೂಲ್ ಇವೆಂಟ್ಸ್ -ವಿ’, ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg), ಮತ್ತು ಪೂಲ್‌ನ ಪ್ರತಿಯೊಂದು ಡಿಸ್ಕಿಗೂ ಅದರ ಆರೋಗ್ಯದ (ಸ್ಮಾರ್ಟ್) ವರದಿ ಕೊಡುವ ‘ಸ್ಮಾರ್ಟ್‌ಸಿಟಿಎಲ್ -ಎಕ್ಸ್’ ಕೊಟ್ಟು, ಬಂದ ಉತ್ತರಗಳನ್ನೆಲ್ಲ ಈ ಪೂಲ್‌ಗೆ ಸೇರದ ಬೇರೊಂದು ಯಂತ್ರದಲ್ಲಿ ಕಡತಗಳಾಗಿ ಉಳಿಸಿ. ದೋಷ ಕಂಡ ಡಿಸ್ಕಿನದು ಮಾತ್ರ ಸಾಕೆಂದುಕೊಳ್ಳಬೇಡಿ, ಏಕೆಂದರೆ ಉಳಿದ ಡಿಸ್ಕ್‌ಗಳೊಂದಿಗೆ ಹೋಲಿಸಿದಾಗಲೇ ಚಿತ್ರ ಸ್ಪಷ್ಟವಾಗುವುದು.

ಅನಂತರದ ಕೆಲಸ ಬ್ಯಾಕಪ್. ಇತ್ತೀಚಿನ ಬ್ಯಾಕಪ್ ಇದೆಯೇ, ಅದು ನಿಜವಾಗಿ ತೆರೆಯುತ್ತದೆಯೇ ಎಂದು ನೋಡಿ. ಇಲ್ಲದಿದ್ದರೆ ಅತ್ಯಂತ ಮುಖ್ಯವಾದ ಡೇಟಾಸೆಟ್‌ಗಳನ್ನು (ಪೂಲ್‌ನೊಳಗಿನ ವಿಭಾಗಗಳನ್ನು) ಈಗಲೇ ಬೇರೆಡೆಗೆ ನಕಲು ಮಾಡಿಕೊಳ್ಳಿ. ಹಲವು ಮಾರ್ಗದರ್ಶಿಗಳು ಮೊದಲ ಹೆಜ್ಜೆಯಾಗಿ ಸ್ಕ್ರಬ್ ಮಾಡಲು ಹೇಳುತ್ತವೆ. ನನ್ನ ಅಭಿಪ್ರಾಯದಲ್ಲಿ ಆ ಕ್ರಮ ಸರಿಯಲ್ಲ. ಸ್ಕ್ರಬ್ ಎಂದರೆ ಪೂಲ್‌ನಲ್ಲಿ ಬಳಕೆಯಲ್ಲಿರುವ ಪ್ರತಿ ಬ್ಲಾಕನ್ನೂ ಓದುವ ಗಂಟೆಗಟ್ಟಲೆಯ ಕೆಲಸ. ಡಿಸ್ಕೊಂದು ಯಾಂತ್ರಿಕವಾಗಿ ಕುಸಿಯುತ್ತಿದ್ದರೆ, ಅದರ ಉಳಿದ ಆಯುಸ್ಸನ್ನು ಬೇಕಾದ ದತ್ತಾಂಶ ಓದಲು ಬಳಸುವುದೋ, ಎಲ್ಲವನ್ನೂ ಪರೀಕ್ಷಿಸಲು ವ್ಯಯಿಸುವುದೋ ಎಂಬುದನ್ನು ಮೊದಲು ನಿರ್ಧರಿಸಬೇಕು.

ತಪ್ಪು ಡಿಸ್ಕಿನದೋ, ಕೇಬಲಿನದೋ, ಕಂಟ್ರೋಲರಿನದೋ, ಮೆಮೊರಿಯದೋ ಎಂದು ಹೇಗೆ ಬೇರ್ಪಡಿಸುವುದು?

ಇಡೀ ವಿಷಯದ ತಿರುಳು ಇಲ್ಲಿದೆ. ದೋಷಗಳು ಯಾವ ಡಿಸ್ಕ್‌ಗಳ ಮೇಲೆ ಹೇಗೆ ಹರಡಿವೆ ಎಂಬುದನ್ನು ಮೊದಲು ಗಮನಿಸಿ.

ಒಂದೇ ಡಿಸ್ಕಿನಲ್ಲಿ ಸಿಕೆಸಮ್‌ನ ಜೊತೆಗೆ ರೀಡ್ ದೋಷಗಳೂ ಇದ್ದು, ಅದರ ಸ್ಮಾರ್ಟ್ ವರದಿಯಲ್ಲಿ 5, 197, 198ನೇ ಅಂಶಗಳ ಮೂಲ ಸಂಖ್ಯೆ ಏರುತ್ತಿದ್ದರೆ ತಟ್ಟೆಯ ಮೇಲ್ಮೈಯೇ ಕೆಡುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು. 5 ಎಂದರೆ ಬದಲಿ ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರ್‌ಗಳು, 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು, 198 ಎಂದರೆ ಡಿಸ್ಕಿನ ಸ್ವಂತ ಪರೀಕ್ಷೆಯಲ್ಲೂ ಸರಿಹೋಗದ ಸೆಕ್ಟರ್‌ಗಳು. ಅಂಥ ಡಿಸ್ಕನ್ನು ಬದಲಾಯಿಸಲು ಹಿಂಜರಿಯಬೇಕಿಲ್ಲ.

ಆ ಮೂರೂ ಸೊನ್ನೆಯಾಗಿದ್ದು 199ನೇ ಅಂಶ ಮಾತ್ರ ಏರುತ್ತಿದ್ದರೆ ಸಂದೇಹ ಕೇಬಲ್‌ನ ಕಡೆ ಹೋಗಬೇಕು. ಅದು ಡಿಸ್ಕ್ ಮತ್ತು ಕಂಟ್ರೋಲರ್ ನಡುವಿನ ಸಾಟಾ ಸಂಪರ್ಕದಲ್ಲಿ ಕೆಟ್ಟ ಸಂದೇಶಗಳ ಎಣಿಕೆ. ಕೇಬಲ್ ಸರಿಪಡಿಸಿದ ಮೇಲೂ ಈ ಎಣಿಕೆ ಹಿಂದಕ್ಕೆ ಇಳಿಯುವುದಿಲ್ಲವಾದ್ದರಿಂದ, ಇಂದಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಮುಂದೆ ಏರುತ್ತದೆಯೇ ಎಂದು ನೋಡಬೇಕು. ಕರ್ನಲ್ ಸಂದೇಶಗಳಲ್ಲಿ ‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂಬ ಸಾಲು ಮತ್ತೆ ಮತ್ತೆ ಬಂದಿದ್ದರೆ ಅದೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಯಂತ್ರವನ್ನು ಆಫ್ ಮಾಡಿ ಕೇಬಲಿನ ಎರಡೂ ತುದಿಗಳನ್ನು ನೋಡಿ: ಕನೆಕ್ಟರ್ ಓರೆಯಾಗಿ ಕುಳಿತಿದೆಯೇ, ಕೊಂಡಿಯಿಲ್ಲದ ಅಗ್ಗದ ಕೇಬಲ್ ಸ್ವಲ್ಪ ಎಳೆದರೂ ಜಾರುತ್ತಿದೆಯೇ, ಪೆಟ್ಟಿಗೆಯ ಮುಚ್ಚಳ ಹಾಕಿದಾಗ ಕೇಬಲ್ ಒತ್ತಿ ಬಾಗುತ್ತಿದೆಯೇ, ಬಂಗಾರದ ಬಣ್ಣದ ತುದಿಗಳ ಮೇಲೆ ಕಪ್ಪು ಅಥವಾ ಹಸಿರು ಕಲೆಗಳಿವೆಯೇ ಎಂದು ಪರೀಕ್ಷಿಸಿ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಇಟ್ಟ ಯಂತ್ರಗಳಲ್ಲಿ ತೇವ ಮತ್ತು ಉಪ್ಪುಗಾಳಿಯಿಂದಾಗುವ ಇಂಥ ಕಲೆಗಳನ್ನು ವಿಶೇಷವಾಗಿ ಹುಡುಕಬೇಕು.

ಒಂದೇ ಕೇಬಲ್ ಗುಚ್ಛಕ್ಕೆ, ಒಂದೇ ಬ್ಯಾಕ್‌ಪ್ಲೇನ್‌ಗೆ (ಡಿಸ್ಕ್‌ಗಳನ್ನು ಸಿಕ್ಕಿಸುವ ಫಲಕಕ್ಕೆ) ಅಥವಾ ಒಂದೇ ಕಂಟ್ರೋಲರ್ ಕಾರ್ಡಿಗೆ ಸೇರಿದ ಹಲವು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ದೋಷ ಬಂದಿದ್ದರೆ, ನಾಲ್ಕು ಡಿಸ್ಕ್‌ಗಳು ಒಂದೇ ಸಂಜೆ ಕೆಟ್ಟವು ಎಂದು ನಂಬುವುದಕ್ಕಿಂತ ಅವುಗಳಿಗೆ ಸಮಾನವಾಗಿರುವ ಒಂದು ಭಾಗ ಕೆಟ್ಟಿದೆ ಎಂದು ನಂಬುವುದೇ ಯುಕ್ತ. ಎಲ್‌ಎಸ್‌ಐ 9211-8ಐ ಜಾತಿಯ ಕಾರ್ಡುಗಳನ್ನು ಹಳೆಯ ಸರ್ವರ್‌ಗಳಿಂದ ತೆಗೆದು ಸಾಮಾನ್ಯ ಡೆಸ್ಕ್‌ಟಾಪ್ ಪೆಟ್ಟಿಗೆಯಲ್ಲಿ ಹಾಕುವುದು ಈಗ ವಾಡಿಕೆಯಾಗಿದೆ. ಈ ಕಾರ್ಡುಗಳ ಮೇಲೆ ಫ್ಯಾನ್ ಇಲ್ಲದ ಚಿಕ್ಕ ಹೀಟ್‌ಸಿಂಕ್ ಅಷ್ಟೇ ಇರುತ್ತದೆ, ಏಕೆಂದರೆ ಸರ್ವರ್ ಪೆಟ್ಟಿಗೆಯ ಉದ್ದಕ್ಕೂ ಬಿರುಸಾಗಿ ಹರಿಯುವ ಗಾಳಿಯನ್ನೇ ನಂಬಿ ಅವನ್ನು ರೂಪಿಸಲಾಗಿದೆ. ಡೆಸ್ಕ್‌ಟಾಪ್ ಪೆಟ್ಟಿಗೆಯಲ್ಲಿ ಆ ಗಾಳಿಯಿಲ್ಲ. ಸ್ಕ್ರಬ್ ನಡೆಯುವಾಗ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ, ಆಗ ಕಾರ್ಡಿಗೆ ಸೇರಿದ ಡಿಸ್ಕ್‌ಗಳಲ್ಲೆಲ್ಲ ದೋಷಗಳು ಚದುರಿ ಬೀಳುತ್ತವೆ. ಆ ಹೀಟ್‌ಸಿಂಕ್‌ಗೆ ನೇರವಾಗಿ ಗಾಳಿ ಬೀಸುವ ಒಂದು ಚಿಕ್ಕ ಫ್ಯಾನ್ ಕಟ್ಟುವುದರಿಂದ ಸಮಸ್ಯೆ ತೀರಿದ ಸಂದರ್ಭಗಳಿವೆ. ಪವರ್ ಸಪ್ಲೈ ಸೋತಿದ್ದರೂ, ಒಂದೇ ವಿದ್ಯುತ್ ತಂತಿಯನ್ನು ಕವಲೊಡೆಸಿ ಬಹಳ ಡಿಸ್ಕ್‌ಗಳಿಗೆ ಹಂಚಿದ್ದರೂ ಲಕ್ಷಣ ಹೀಗೆಯೇ ಇರುತ್ತದೆ.

ಮಿರರ್‌ನ ಎರಡೂ ಬದಿಯಲ್ಲಿ ಅಥವಾ ರೇಡ್‌ಜೆಡ್ ಗುಂಪಿನ ಎಲ್ಲ ಡಿಸ್ಕ್‌ಗಳಲ್ಲಿ ಸರಿಸುಮಾರು ಒಂದೇ ಸಂಖ್ಯೆ ಕಾಣಿಸುವುದು ನಾಲ್ಕನೆಯ ಬಗೆ. ಯಾವ ಜೋಡಣೆಯಿಂದಲೂ ಸರಿಯಾದ ಬ್ಲಾಕ್ ಸಿಗದಿದ್ದಾಗ ಜೆಡ್‌ಎಫ್‌ಎಸ್ ದೋಷವನ್ನು ಇಡೀ ಗುಂಪಿನ ಲೆಕ್ಕಕ್ಕೆ ಬರೆಯುತ್ತದೆ. ದತ್ತಾಂಶವು ಡಿಸ್ಕ್‌ಗಳನ್ನು ತಲುಪುವ ಮೊದಲೇ, ಅಂದರೆ ಮೆಮೊರಿಯಲ್ಲಿ ಅಥವಾ ಪ್ರೊಸೆಸರ್‌ನಲ್ಲಿ, ಕೆಟ್ಟಿತ್ತೇ ಎಂದು ಇಲ್ಲಿ ಕೇಳಿಕೊಳ್ಳಬೇಕು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಒಂದು ಅದಲುಬದಲು ಪರೀಕ್ಷೆ ಮಾಡಿ. ದೋಷವಿರುವ ಡಿಸ್ಕನ್ನು ಮತ್ತೊಂದು ಡಿಸ್ಕಿನ ಜಾಗಕ್ಕೆ, ಅದನ್ನು ಇದರ ಜಾಗಕ್ಕೆ ಹಾಕಿ, ಎಣಿಕೆಗಳನ್ನು ಕ್ಲಿಯರ್ ಮಾಡಿ, ಸ್ಕ್ರಬ್ ಓಡಿಸಿ. ದೋಷವು ಡಿಸ್ಕಿನ ಜೊತೆ ಹೊಸ ಜಾಗಕ್ಕೆ ಹೋದರೆ ಡಿಸ್ಕಿನ ತಪ್ಪು. ಹಳೆಯ ಜಾಗದಲ್ಲೇ ಉಳಿದು ಅಲ್ಲಿಗೆ ಬಂದ ಒಳ್ಳೆಯ ಡಿಸ್ಕನ್ನು ಹಿಡಿದರೆ ಕೇಬಲ್, ಬ್ಯಾಕ್‌ಪ್ಲೇನ್ ಅಥವಾ ಕಾರ್ಡಿನ ತಪ್ಪು. ಜೆಡ್‌ಎಫ್‌ಎಸ್ ಡಿಸ್ಕ್‌ಗಳನ್ನು ಅವುಗಳಲ್ಲಿ ತಾನೇ ಬರೆದಿಟ್ಟ ಲೇಬಲ್‌ನಿಂದ ಗುರುತಿಸುವುದರಿಂದ, ಯಂತ್ರವನ್ನು ಆಫ್ ಮಾಡಿ ಜಾಗ ಬದಲಿಸಿದರೆ ಪೂಲ್‌ಗೆ ತೊಂದರೆಯಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್, ಕಾರ್ಡ್, ಡಿಸ್ಕ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋಗಬಹುದು, ಆದರೆ ಕಾರಣ ತಿಳಿಯದು.

ಸ್ಮಾರ್ಟ್ ಪರೀಕ್ಷೆಯಲ್ಲಿ ‘ಪಾಸ್ಡ್’ ಎಂದು ಬರುತ್ತಿದೆ. ಡಿಸ್ಕ್ ಚೆನ್ನಾಗಿದೆ ಎಂದಲ್ಲವೇ?

ಅಲ್ಲ. ಆ ಒಂದು ಪದವು ತಯಾರಕರು ನಿಗದಿಪಡಿಸಿದ ಮಿತಿಗಳನ್ನು ಡಿಸ್ಕ್ ಇನ್ನೂ ದಾಟಿಲ್ಲ ಎಂದಷ್ಟೇ ಹೇಳುತ್ತದೆ, ಮತ್ತು ಆ ಮಿತಿಗಳು ಬಹಳ ಸಡಿಲವಾಗಿರುತ್ತವೆ. ಓದಲಾಗದ ಹಲವಾರು ಸೆಕ್ಟರ್‌ಗಳನ್ನು ಇಟ್ಟುಕೊಂಡೂ ಡಿಸ್ಕ್ ತಾನು ಪಾಸಾಗಿದ್ದೇನೆ ಎಂದೇ ಹೇಳಬಲ್ಲದು. ‘ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್’ ಕೊಟ್ಟು ದೀರ್ಘ ಪರೀಕ್ಷೆ ಮಾಡಿಸಿ, ಮೇಲೆ ಹೇಳಿದ ಅಂಶಗಳ ಮೂಲ ಸಂಖ್ಯೆಗಳನ್ನು ನೀವೇ ಓದಿ.

ಸ್ಮಾರ್ಟ್‌ಗೆ ಕಾಣದ ದೋಷಗಳೂ ಇವೆ. ನೆಟ್‌ಆ್ಯಪ್ ಮತ್ತು ಅಮೆರಿಕ, ಕೆನಡಾಗಳ ವಿಶ್ವವಿದ್ಯಾಲಯಗಳ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಸುಮಾರು 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳ ಕಾಲ ಗಮನಿಸಿ, 4 ಲಕ್ಷಕ್ಕೂ ಹೆಚ್ಚು ಚೆಕ್‌ಸಮ್ ತಾಳೆಯಾಗದ ಪ್ರಕರಣಗಳನ್ನು ದಾಖಲಿಸಿತು. ಡಿಸ್ಕ್ ಮೌನವಾಗಿ ತಪ್ಪು ದತ್ತಾಂಶ ಕೊಡುವುದು ಪುಸ್ತಕದ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಮೆಮೊರಿಯ ಮೇಲೆ ಅನುಮಾನವಿದೆ. ಪರೀಕ್ಷಿಸುವುದು ಹೇಗೆ? ಸಣ್ಣ ದೋಷಗಳನ್ನು ತಾನೇ ಸರಿಪಡಿಸಿಕೊಳ್ಳುವ ಇಸಿಸಿ ಮೆಮೊರಿ ಇಲ್ಲದಿದ್ದರೆ ಜೆಡ್‌ಎಫ್‌ಎಸ್ ಬಳಸಲೇಬಾರದೇ?

ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ಆ ಮೆಮೊರಿ ಪಟ್ಟಿಯನ್ನು ನಂಬಬಾರದು. ಮೆಮೊರಿಯನ್ನು ನಿಗದಿತ ವೇಗಕ್ಕಿಂತ ಹೆಚ್ಚಿಗೆ ಓಡಿಸುವ ಬಯೋಸ್ ಸೆಟ್ಟಿಂಗ್ ಇದ್ದರೆ ಅದನ್ನು ಸರ್ವರ್‌ನಲ್ಲಿ ತೆಗೆದುಹಾಕಿ. ಇಸಿಸಿ ಮೆಮೊರಿ ಇರುವ ಲಿನಕ್ಸ್ ಯಂತ್ರದಲ್ಲಿ ರಾಸ್‌ಡೀಮನ್ ಸ್ಥಾಪಿಸಿಕೊಂಡರೆ, ತಾನಾಗಿ ಸರಿಪಡಿಸಿದ ದೋಷಗಳ ಲೆಕ್ಕವೂ ಯಾವ ಸ್ಲಾಟಿನದು ಎಂಬ ಸುಳಿವಿನೊಂದಿಗೆ ಸಿಗುತ್ತದೆ. ಸರಿಪಡಿಸಿದ ದೋಷಗಳು ಏರುತ್ತಿರುವ ಮೆಮೊರಿ ಪಟ್ಟಿಯನ್ನು ಅದು ಪೂರ್ತಿ ಕೆಡುವ ಮೊದಲೇ ಬದಲಾಯಿಸುವುದು ಜಾಣತನ.

ಇಸಿಸಿ ಇಲ್ಲದೆ ಜೆಡ್‌ಎಫ್‌ಎಸ್ ಬಳಸಿದರೆ ಒಂದು ಸ್ಕ್ರಬ್ ಇಡೀ ಪೂಲನ್ನು ನಾಶಮಾಡುತ್ತದೆ ಎಂಬ ಮಾತು ಬಹುಕಾಲದಿಂದ ಹರಿದಾಡುತ್ತಿದೆ. ಅದು ಅತಿಶಯೋಕ್ತಿ. ಕೆಟ್ಟ ಮೆಮೊರಿಯಿಂದಾಗಿ ಒಳ್ಳೆಯ ಬ್ಲಾಕ್ ಕೆಟ್ಟದ್ದಾಗಿ ಕಂಡರೂ, ಸರಿಪಡಿಸಲು ಸಿಕ್ಕ ಪ್ರತಿ ಚೆಕ್‌ಸಮ್‌ಗೆ ಹೊಂದಿದರೆ ಮಾತ್ರ ಜೆಡ್‌ಎಫ್‌ಎಸ್ ಅದನ್ನು ಬರೆಯಲು ಮುಂದಾಗುತ್ತದೆ. ಆದರೆ ಚೆಕ್‌ಸಮ್ ಲೆಕ್ಕ ಹಾಕುವ ಮೊದಲೇ ದತ್ತಾಂಶ ಮೆಮೊರಿಯಲ್ಲಿ ಕೆಟ್ಟಿದ್ದರೆ, ಕೆಟ್ಟ ದತ್ತಾಂಶಕ್ಕೆ ಸರಿಯಾದ ಚೆಕ್‌ಸಮ್ ಬಿದ್ದು ಅದು ಎಂದಿಗೂ ಪತ್ತೆಯಾಗುವುದಿಲ್ಲ. ಈ ಅಪಾಯ ಎಲ್ಲ ಕಡತವ್ಯವಸ್ಥೆಗಳಿಗೂ ಇದೆ. ಬೇರೆಯವರ ದತ್ತಾಂಶದ ಹೊಣೆ ಹೊತ್ತ ಸರ್ವರ್‌ಗೆ ಇಸಿಸಿ ಮೆಮೊರಿಯನ್ನೇ ಹಾಕಬೇಕೆಂಬುದು ನನ್ನ ದೃಢವಾದ ಸಲಹೆ.

‘ಪರ್ಮನೆಂಟ್ ಎರರ್ಸ್’ ಎಂಬ ಸಾಲಿನ ಕೆಳಗೆ ಕೆಲವು ಕಡತಗಳ ಹೆಸರು, ಕೆಲವು ಕಡೆ ಬರೀ ಸಂಖ್ಯೆಗಳು ಕಾಣಿಸುತ್ತಿವೆ. ಏನು ಮಾಡಬೇಕು?

ಕಡತದ ಹೆಸರಿದ್ದರೆ ಆ ಕಡತದ ಒಂದು ಅಥವಾ ಹೆಚ್ಚು ಬ್ಲಾಕ್‌ಗಳು ನಷ್ಟವಾಗಿವೆ. ಬ್ಯಾಕಪ್‌ನಿಂದ ತಂದು ಹಾಕುವುದೇ ಸರಿಯಾದ ದಾರಿ. ಹೆಸರಿನ ನಡುವೆ ‘@’ ಚಿಹ್ನೆಯೊಂದಿಗೆ ಸ್ನ್ಯಾಪ್‌ಶಾಟ್‌ನ (ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟ ಪ್ರತಿಯ) ಹೆಸರಿದ್ದರೆ, ಈಗಿನ ಕಡತವನ್ನು ಅಳಿಸಿದರೂ ಆ ಸ್ನ್ಯಾಪ್‌ಶಾಟ್ ಕೆಟ್ಟ ಬ್ಲಾಕನ್ನು ಹಿಡಿದುಕೊಂಡೇ ಇರುತ್ತದೆ. ಅದನ್ನು ಹೊಂದಿರುವ ಸ್ನ್ಯಾಪ್‌ಶಾಟ್‌ಗಳನ್ನೂ ಅಳಿಸುವವರೆಗೆ ದೋಷ ಪಟ್ಟಿಯಿಂದ ಹೋಗದು. ಅಳಿಸುವ ಮೊದಲು ಆ ಸ್ನ್ಯಾಪ್‌ಶಾಟ್‌ನಲ್ಲಿ ಬೇರೆಲ್ಲೂ ಇಲ್ಲದ ಒಳ್ಳೆಯ ಕಡತಗಳಿವೆಯೇ ಎಂದು ತಪ್ಪದೆ ನೋಡಿ.

ಕೋನಾವರಣದೊಳಗೆ ಹದಿನಾರರ ಮಾನದ ಸಂಖ್ಯೆಗಳಷ್ಟೇ ಇದ್ದರೆ, ಕಡತವನ್ನು ಈಗಾಗಲೇ ಅಳಿಸಲಾಗಿದೆ ಅಥವಾ ದೋಷ ಮೆಟಾಡೇಟಾದಲ್ಲಿದೆ, ಅಂದರೆ ಕಡತಗಳ ಬಗ್ಗೆ ಜೆಡ್‌ಎಫ್‌ಎಸ್ ಇಟ್ಟುಕೊಳ್ಳುವ ಆಂತರಿಕ ಮಾಹಿತಿಯಲ್ಲಿದೆ. ಅಳಿಸಿದ ಕಡತದ್ದಾದರೆ ಚಿಂತೆಯಿಲ್ಲ. ಮೆಟಾಡೇಟಾವನ್ನು ಜೆಡ್‌ಎಫ್‌ಎಸ್ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿ ಇಟ್ಟಿರುತ್ತದೆ. ಆ ಎಲ್ಲ ಪ್ರತಿಗಳೂ ಕೆಟ್ಟಿವೆ ಎಂದಾದರೆ ಮೆಮೊರಿ ಅಥವಾ ಕಂಟ್ರೋಲರ್ ಮೇಲಿನ ಅನುಮಾನ ಬಲವಾಗುತ್ತದೆ, ಮತ್ತು ಉಳಿದ ದತ್ತಾಂಶವನ್ನು ನಕಲು ಮಾಡಿಕೊಂಡು ಪೂಲನ್ನು ಹೊಸದಾಗಿ ಕಟ್ಟುವುದೇ ಕ್ಷೇಮ.

ದೋಷ ಪರಿಹರಿಸಿದ ಮೇಲೂ ಪಟ್ಟಿ ಹಾಗೆಯೇ ಇದೆ ಎಂದು ಹಲವರು ಕೇಳುತ್ತಾರೆ. ಜೆಡ್‌ಎಫ್‌ಎಸ್ ಹಿಂದಿನ ಸ್ಕ್ರಬ್‌ನ ಪಟ್ಟಿಯನ್ನೂ ಉಳಿಸಿಕೊಂಡಿರುವುದರಿಂದ ಎರಡು ಸ್ಕ್ರಬ್ ಪೂರ್ತಿಯಾದ ಮೇಲೆ ಅದು ಖಾಲಿಯಾಗುತ್ತದೆ.

ಬ್ಯಾಕಪ್ ಇಲ್ಲದ ಕಡತವೊಂದು ಕೆಟ್ಟಿದೆ. ಉಳಿದ ಭಾಗವನ್ನಾದರೂ ಪಡೆಯಬಹುದೇ?

ಪಡೆಯಬಹುದು. ಕೆಟ್ಟ ಬ್ಲಾಕ್ ಬಂದಾಗ ಸಾಮಾನ್ಯ ನಕಲು ಕಮಾಂಡ್ ‘ಇನ್‌ಪುಟ್ ಔಟ್‌ಪುಟ್ ಎರರ್’ ಎಂದು ನಿಂತುಬಿಡುತ್ತದೆ. ಅದರ ಬದಲು ‘ಡಿಡಿ’ ಕಮಾಂಡಿಗೆ ಬ್ಲಾಕ್ ಅಳತೆಯಾಗಿ ಡೇಟಾಸೆಟ್‌ನ ರೆಕಾರ್ಡ್‌ಸೈಜ್ ಅನ್ನೇ ಕೊಟ್ಟು, ‘ನೋಎರರ್’ ಮತ್ತು ‘ಸಿಂಕ್’ ಆಯ್ಕೆಗಳನ್ನು ಸೇರಿಸಿದರೆ, ಕೆಟ್ಟ ತುಂಡಿನ ಜಾಗದಲ್ಲಿ ಸೊನ್ನೆಗಳನ್ನು ತುಂಬಿ ಮುಂದಿನದನ್ನು ಓದುತ್ತದೆ. ರೆಕಾರ್ಡ್‌ಸೈಜ್ ಬದಲಿಸದಿದ್ದರೆ ಅದು 128 ಕೆಬಿ ಇರುತ್ತದೆ. ಗಂಟೆಗಟ್ಟಲೆಯ ವಿಡಿಯೊದಲ್ಲಿ ಅಷ್ಟು ಹೋದರೆ ಕ್ಷಣಕಾಲದ ಅಡಚಣೆ ಕಾಣಬಹುದು. ಒತ್ತಿಟ್ಟ ಜಿಪ್ ಕಡತದಲ್ಲಿ ಅಥವಾ ಡೇಟಾಬೇಸ್‌ನಲ್ಲಿ ಅಷ್ಟೇ ನಷ್ಟ ಹೆಚ್ಚು ಹಾನಿ ಮಾಡುತ್ತದೆ. ಕೊನೆಯ ತುಂಡಿಗೂ ಸೊನ್ನೆ ತುಂಬಿ ಕಡತ ಸ್ವಲ್ಪ ಉದ್ದವಾಗಿರುವುದರಿಂದ, ಮೂಲ ಅಳತೆಗೆ ಕತ್ತರಿಸುವುದನ್ನು ಮರೆಯಬೇಡಿ.

ಇದೇ ಡೇಟಾಸೆಟ್‌ನ ಸ್ನ್ಯಾಪ್‌ಶಾಟ್ ಅನ್ನು ‘ಜೆಡ್‌ಎಫ್‌ಎಸ್ ಸೆಂಡ್’ ಮೂಲಕ ಮತ್ತೊಂದು ಯಂತ್ರಕ್ಕೆ ಕಳಿಸಿಟ್ಟಿದ್ದವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಓಪನ್‌ಜೆಡ್‌ಎಫ್‌ಎಸ್ 2.2ರಿಂದ ‘ಜೆಡ್‌ಎಫ್‌ಎಸ್ ರಿಸೀವ್ -ಸಿ’ ಎಂಬ ಸೌಲಭ್ಯ ಬಂದಿದ್ದು, ಆ ಪ್ರತಿಯನ್ನು ಹಿಂದಕ್ಕೆ ಕಳಿಸಿದಾಗ ಕೆಟ್ಟ ಬ್ಲಾಕ್‌ಗಳನ್ನಷ್ಟೇ ಇದ್ದ ಜಾಗದಲ್ಲೇ ಸರಿಪಡಿಸುತ್ತದೆ.

ಸ್ಕ್ರಬ್ ಎಷ್ಟು ದಿನಕ್ಕೊಮ್ಮೆ ಮಾಡಬೇಕು? ಅದರ ಫಲಿತಾಂಶವನ್ನು ಹೇಗೆ ಓದಬೇಕು?

ತಿಂಗಳಿಗೊಮ್ಮೆ ಸಾಕು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಜೆಡ್‌ಎಫ್‌ಎಸ್ ಪ್ಯಾಕೇಜು ಹಾಕಿದಾಗಲೇ ತಿಂಗಳ ಎರಡನೆಯ ಭಾನುವಾರ ಸ್ಕ್ರಬ್ ಓಡುವಂತೆ ಏರ್ಪಾಡಾಗಿರುತ್ತದೆ. ಫಲಿತಾಂಶದ ಸಾಲಿನಲ್ಲಿ ಎರಡು ಸಂಗತಿಗಳಿರುತ್ತವೆ: ಎಷ್ಟು ಸರಿಪಡಿಸಲಾಯಿತು, ಮತ್ತು ಎಷ್ಟು ದೋಷ ಉಳಿಯಿತು. ‘1.25 ಎಂ ರಿಪೇರ್ಡ್, 0 ಎರರ್ಸ್’ ಎಂದಿದ್ದರೆ ಸ್ವಲ್ಪ ದತ್ತಾಂಶ ಕೆಟ್ಟಿತ್ತು, ಎಲ್ಲವೂ ಸರಿಹೋಯಿತು, ಏನೂ ನಷ್ಟವಾಗಲಿಲ್ಲ ಎಂದರ್ಥ. ಆದರೆ ತಿಂಗಳು ತಿಂಗಳೂ ಹೀಗೆ ಸ್ವಲ್ಪ ಸರಿಪಡಿಸುತ್ತಲೇ ಇದ್ದರೆ, ನಷ್ಟವಾಗಿಲ್ಲವೆಂದು ಸುಮ್ಮನಿರದೆ ಕಾರಣ ಹುಡುಕಿ.

ಡಿಸ್ಕ್ ಬದಲಾಯಿಸುವಾಗ ಯಾವ ಎಚ್ಚರಿಕೆ ಬೇಕು?

ಎಲ್ಲಕ್ಕಿಂತ ಮೊದಲು ಸರಿಯಾದ ಡಿಸ್ಕನ್ನೇ ಹೊರತೆಗೆಯಿರಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು. ಸ್ಮಾರ್ಟ್ ವರದಿಯಲ್ಲಿರುವ ಸೀರಿಯಲ್ ನಂಬರನ್ನು ಡಿಸ್ಕಿನ ಮೇಲಿನ ಚೀಟಿಯೊಂದಿಗೆ ಹೋಲಿಸಿ. ಒಂದೇ ಡಿಸ್ಕಿನ ನಷ್ಟವನ್ನು ತಾಳುವ ರೇಡ್‌ಜೆಡ್1 ಪೂಲ್‌ನಲ್ಲಿ ಕೆಟ್ಟ ಡಿಸ್ಕ್ ಇರುವಾಗಲೇ ತಪ್ಪಾಗಿ ಒಳ್ಳೆಯ ಡಿಸ್ಕನ್ನು ಎಳೆದರೆ ಪೂಲ್ ಅಲ್ಲಿಗೇ ನಿಲ್ಲುತ್ತದೆ.

ಹಳೆಯ ಡಿಸ್ಕ್ ಇನ್ನೂ ಸ್ವಲ್ಪವಾದರೂ ಓದುತ್ತಿದ್ದರೆ ಅದನ್ನು ತೆಗೆಯದೆ, ಹೊಸದನ್ನು ಬೇರೊಂದು ಜಾಗದಲ್ಲಿ ಜೋಡಿಸಿ ‘ಜೆಡ್‌ಪೂಲ್ ರಿಪ್ಲೇಸ್’ ಕೊಡಿ. ರಿಸಿಲ್ವರ್ (ಹೊಸ ಡಿಸ್ಕಿಗೆ ದತ್ತಾಂಶ ತುಂಬುವ ಕೆಲಸ) ಮುಗಿಯುವವರೆಗೆ ಹಳೆಯ ಡಿಸ್ಕಿನ ಒಳ್ಳೆಯ ಬ್ಲಾಕ್‌ಗಳೂ ಆಸರೆಯಾಗುತ್ತವೆ, ಇನ್ನೊಂದು ಡಿಸ್ಕಿನಲ್ಲಿ ಅದೇ ಹೊತ್ತಿಗೆ ಓದಲಾಗದ ಸೆಕ್ಟರ್ ಸಿಕ್ಕರೂ ದತ್ತಾಂಶ ಉಳಿಯುತ್ತದೆ. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್‌ಗಳಿಗೆ ತಯಾರಕರು ಸಾಮಾನ್ಯವಾಗಿ 10ರ 14ನೇ ಘಾತದಷ್ಟು ಬಿಟ್ ಓದಿದಾಗ ಹೆಚ್ಚೆಂದರೆ ಒಂದು ದೋಷ ಎಂಬ ಮಿತಿ ಕೊಡುತ್ತಾರೆ, ಅಂದರೆ ಸುಮಾರು 12.5 ಟಿಬಿ. ವಾಸ್ತವದಲ್ಲಿ ಹೆಚ್ಚಿನ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತವಾದರೂ, ಇಂದಿನ ದೊಡ್ಡ ಡಿಸ್ಕ್‌ಗಳನ್ನು ರೇಡ್‌ಜೆಡ್1ರಲ್ಲಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎರಡು ಡಿಸ್ಕ್ ಹೋದರೂ ತಾಳುವ ರೇಡ್‌ಜೆಡ್2 ಅಥವಾ ಮಿರರ್ ಆರಿಸಿಕೊಳ್ಳಿ.

ಹೊಸ ಡಿಸ್ಕ್ ಎಸ್‌ಎಂಆರ್ ತಂತ್ರದ್ದಲ್ಲ ಎಂದು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಿ. ಈ ತಂತ್ರದಲ್ಲಿ ಪಕ್ಕಪಕ್ಕದ ಟ್ರ್ಯಾಕ್‌ಗಳು ಒಂದರ ಮೇಲೊಂದು ಭಾಗಶಃ ಹೊದ್ದುಕೊಂಡಿರುತ್ತವೆ, ಆದ್ದರಿಂದ ರಿಸಿಲ್ವರ್‌ನಂಥ ಎಡೆಬಿಡದ ಬರವಣಿಗೆಯಲ್ಲಿ ಡಿಸ್ಕ್ ಬಹಳ ನಿಧಾನವಾಗಿ, ಕೆಲವೊಮ್ಮೆ ಉತ್ತರಿಸದೆ ಪೂಲ್‌ನಿಂದ ಹೊರಬೀಳುತ್ತದೆ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳಲ್ಲಿ ಈ ತಂತ್ರ ಬಳಸಿದ್ದನ್ನು 2020ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡ ಮೇಲೆ ಖರೀದಿದಾರರು ಇದನ್ನು ಹೆಚ್ಚಾಗಿ ಗಮನಿಸಲಾರಂಭಿಸಿದರು.

ಪೂಲ್ ಇಂಪೋರ್ಟ್ ಆಗುತ್ತಲೇ ಇಲ್ಲ, ಅಂದರೆ ಯಂತ್ರದಲ್ಲಿ ತೆರೆಯುತ್ತಲೇ ಇಲ್ಲ. ಈಗೇನು?

ಮೊದಲು ಎಲ್ಲ ಡಿಸ್ಕ್‌ಗಳೂ ಯಂತ್ರಕ್ಕೆ ಕಾಣುತ್ತಿವೆಯೇ ನೋಡಿ. ಒಂದು ಸಡಿಲ ಕೇಬಲ್ ಇಡೀ ಪೂಲನ್ನು ತಡೆದಿರಬಹುದು. ನಂತರ ‘ರೀಡ್‌ಓನ್ಲಿ=ಆನ್’ ಆಯ್ಕೆಯೊಂದಿಗೆ ಇಂಪೋರ್ಟ್ ಮಾಡಲು ಯತ್ನಿಸಿ. ಅದು ಪೂಲ್‌ಗೆ ಏನನ್ನೂ ಬರೆಯುವುದಿಲ್ಲವಾದ್ದರಿಂದ ಹಾನಿ ಮಾಡದು, ಮತ್ತು ಅದು ಆದರೆ ಕೂಡಲೇ ದತ್ತಾಂಶವನ್ನು ನಕಲು ಮಾಡಿಕೊಳ್ಳಬಹುದು. ಅದೂ ಆಗದಿದ್ದರೆ ದೊಡ್ಡಕ್ಷರದ ‘-ಎಫ್’ ಆಯ್ಕೆಯು ಕೊನೆಯ ಕೆಲವು ವಹಿವಾಟುಗಳನ್ನು ಬಿಟ್ಟು ಹಿಂದಿನ ಸುಸ್ಥಿತಿಗೆ ಮರಳಿಸಬಲ್ಲದು. ಅದರ ಜೊತೆ ‘-ಎನ್’ ಸೇರಿಸಿದರೆ ಏನನ್ನೂ ಬದಲಿಸದೆ, ಅದು ಫಲಿಸುತ್ತದೆಯೇ ಎಂದು ಮಾತ್ರ ಹೇಳುತ್ತದೆ. ಮೊದಲು ಹಾಗೆಯೇ ಕೊಡಿ. ‘-ಎಕ್ಸ್’ ಆಯ್ಕೆ ಇನ್ನೂ ಆಳಕ್ಕೆ ಹೋಗುವಂಥದ್ದು, ಅದನ್ನು ಮೂಲ ಡಿಸ್ಕ್‌ಗಳ ಮೇಲೆ ಎಂದಿಗೂ ಪ್ರಯೋಗಿಸಬೇಡಿ. ಗ್ನೂ ಡಿಡಿರೆಸ್ಕ್ಯೂ ಬಳಸಿ ಪ್ರತಿ ಡಿಸ್ಕಿನ ಪೂರ್ತಿ ನಕಲು ತೆಗೆದು, ನಕಲಿನ ಮೇಲೆ ಪ್ರಯತ್ನಿಸಿ. ಹಳೆಯ ಡಿಸ್ಕ್‌ಗಳ ಮೇಲೆ ‘ಜೆಡ್‌ಪೂಲ್ ಕ್ರಿಯೇಟ್’ ಕೊಟ್ಟರೆ ಹಳೆಯ ಪೂಲ್ ಮರಳುತ್ತದೆ ಎಂದು ಭಾವಿಸಿದವರಿದ್ದಾರೆ. ಅದು ಹಳೆಯ ಲೇಬಲ್‌ಗಳನ್ನು ಅಳಿಸಿಹಾಕುತ್ತದೆ.

ಸ್ಟೇಟಸ್‌ನಲ್ಲಿ ಯಾವ ದೋಷವೂ ಇಲ್ಲ, ಆದರೂ ಕಡತದ ಒಳಗೆ ತಪ್ಪಿದೆ. ಇದು ಸಾಧ್ಯವೇ?

ಸಾಧ್ಯ. ಚೆಕ್‌ಸಮ್ ಕಾಯುವುದು ಜೆಡ್‌ಎಫ್‌ಎಸ್ ಕೈಗೆ ಬಂದ ದತ್ತಾಂಶವನ್ನು ಮಾತ್ರ. ಅದಕ್ಕಿಂತ ಮೊದಲು ಅಪ್ಲಿಕೇಶನ್‌ನಲ್ಲಿ, ಮೆಮೊರಿಯಲ್ಲಿ, ನೆಟ್‌ವರ್ಕ್‌ನಲ್ಲಿ ಕೆಟ್ಟದ್ದು ಅದರ ಲೆಕ್ಕದಲ್ಲಿ ಸರಿಯಾದದ್ದೇ. ಜೆಡ್‌ಎಫ್‌ಎಸ್ ತಂತ್ರಾಂಶದಲ್ಲಿಯೇ ದೋಷವಿದ್ದ ಉದಾಹರಣೆಯೂ ಇದೆ. 2023ರ ಅಕ್ಟೋಬರ್‌ನಲ್ಲಿ 2.2.0 ಬಿಡುಗಡೆಯಾದ ಬಳಿಕ, ಆಗತಾನೇ ಬರೆದ ಕಡತವನ್ನು ನಕಲು ಮಾಡಿದರೆ ನಕಲಿನ ಕೆಲವು ಭಾಗ ಸೊನ್ನೆಗಳಿಂದ ತುಂಬಿರುವುದು ಪತ್ತೆಯಾಯಿತು. ಮೊದಲಿಗೆ ಅನುಮಾನ ಹೊಸ ಬ್ಲಾಕ್ ಕ್ಲೋನಿಂಗ್ ಸೌಲಭ್ಯದ ಮೇಲೆ ಬಿದ್ದರೂ, ಬದಲಾದ ಕಡತದಲ್ಲಿ ಖಾಲಿ ಭಾಗ ಎಲ್ಲಿದೆ ಎಂದು ನೋಡುವ ಹಳೆಯ ಕೋಡಿನಲ್ಲಿಯೇ ಮೂಲ ತಪ್ಪಿತ್ತು. 2.2.2 ಮತ್ತು 2.1.14 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಲಾಯಿತು. ಅದಕ್ಕಿಂತ ಹಳೆಯ ಆವೃತ್ತಿ ಓಡುತ್ತಿದ್ದರೆ ನವೀಕರಿಸಿ. ಇಂಥ ಹಾನಿಯನ್ನು ಸ್ಕ್ರಬ್ ಕಾಣಲಾರದು; ಮೂಲ ಕಡತದ ಶಾ256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು) ಬೇರೆಡೆ ಬರೆದಿಟ್ಟುಕೊಂಡಿದ್ದವರಿಗೆ ಮಾತ್ರ ಅದು ಕಾಣುತ್ತದೆ.

ನಾವು ಜೆಡ್‌ಎಫ್‌ಎಸ್ ಬಳಸುವುದಿಲ್ಲ, ಹಲವು ಡಿಸ್ಕ್‌ಗಳನ್ನು ಒಗ್ಗೂಡಿಸುವ ಲಿನಕ್ಸ್‌ನ ಎಂಡಿ ರೇಡ್ ಇದೆ. ಅದರಲ್ಲಿ ‘ಮಿಸ್‌ಮ್ಯಾಚ್ ಕೌಂಟ್’ ಸೊನ್ನೆಯಲ್ಲ. ರಿಪೇರ್ ಕೊಡಬಹುದೇ?

ತಡೆಯಿರಿ. ಎಂಡಿ ರೇಡ್‌ಗೆ ಪ್ರತಿಗಳು ಪರಸ್ಪರ ಹೊಂದುತ್ತಿಲ್ಲ ಎಂದು ತಿಳಿಯುತ್ತದೆ, ಆದರೆ ಯಾವುದು ಸರಿ ಎಂದು ತಿಳಿಯಲು ಚೆಕ್‌ಸಮ್ ಇಲ್ಲ. ರೇಡ್5ರಲ್ಲಿ ರಿಪೇರ್ ಕೊಟ್ಟರೆ ದತ್ತಾಂಶ ಸರಿಯಿದೆಯೆಂದು ಭಾವಿಸಿ ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ. ಕೆಟ್ಟದ್ದು ದತ್ತಾಂಶವೇ ಆಗಿದ್ದರೆ, ಅದನ್ನು ಮರಳಿ ಪಡೆಯುವ ಏಕೈಕ ಅವಕಾಶವೂ ಆಗ ಮುಗಿಯುತ್ತದೆ. ರೇಡ್1ರಲ್ಲಿ ಸ್ವಾಪ್ ಜಾಗ ಇದ್ದರೆ ಅಪಾಯವಿಲ್ಲದ ಕಾರಣಕ್ಕೂ ಈ ಸಂಖ್ಯೆ ಬರುತ್ತದೆ. ಬ್ಯಾಕಪ್‌ನೊಂದಿಗೆ ಕಡತಗಳನ್ನು ಹೋಲಿಸಿ ನೋಡಿದ ಮೇಲಷ್ಟೇ ರಿಪೇರ್ ಬಗ್ಗೆ ಯೋಚಿಸಿ. ಮುಂದೆ ಎಂಡಿ ರೇಡನ್ನೇ ಇಟ್ಟುಕೊಳ್ಳುವುದಾದರೆ ಪ್ರತಿ ಡಿಸ್ಕಿನ ಮೇಲೆ, ರೇಡ್‌ನ ಕೆಳಗೆ, ಚೆಕ್‌ಸಮ್ ಇಡುವ ಡಿಎಂ-ಇಂಟಿಗ್ರಿಟಿ ಪದರ ಹಾಕುವ ದಾರಿಯಿದೆ. ಆಗ ಕೆಟ್ಟ ಪ್ರತಿ ಯಾವುದೆಂದು ತಿಳಿಯುತ್ತದೆ, ವೇಗ ಕಡಿಮೆಯಾಗುತ್ತದೆ.

ಪದೇ ಪದೇ ಕರೆಂಟ್ ಹೋಗುವುದರಿಂದ ಪೂಲ್ ಕೆಡುತ್ತದೆಯೇ?

ಜೆಡ್‌ಎಫ್‌ಎಸ್ ಹಳೆಯ ಬ್ಲಾಕಿನ ಮೇಲೆಯೇ ಬರೆಯದೆ ಹೊಸ ಜಾಗದಲ್ಲಿ ಬರೆದು ಕೊನೆಗೆ ಪಾಯಿಂಟರ್ ಬದಲಿಸುವುದರಿಂದ, ನಡುವೆ ಕರೆಂಟ್ ಹೋದರೆ ಕೊನೆಯ ಕೆಲವು ಕ್ಷಣಗಳ ಬರವಣಿಗೆ ಹೋಗಬಹುದೇ ಹೊರತು ಪೂಲ್ ಕೆಡಬಾರದು. ಆದರೆ ಇದು ನಿಜವಾಗಬೇಕಾದರೆ ಬರೆದಾಯಿತು ಎಂದು ಡಿಸ್ಕ್ ಹೇಳಿದಾಗ ಅದು ನಿಜವಾಗಿ ಬರೆದಿರಬೇಕು. ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಮತ್ತು ಬ್ಯಾಟರಿ ಸತ್ತ ರೇಡ್ ಕಾರ್ಡುಗಳು ಈ ಮಾತನ್ನು ಉಳಿಸಿಕೊಳ್ಳುವುದಿಲ್ಲ. ರೇಡ್ ಕಾರ್ಡನ್ನು ತೆಗೆದು ಡಿಸ್ಕ್‌ಗಳನ್ನು ನೇರವಾಗಿ ತೋರಿಸುವ ಎಚ್‌ಬಿಎ ಕಾರ್ಡ್ ಹಾಕಿ. ಯುಪಿಎಸ್ ಇದ್ದರಷ್ಟೇ ಸಾಲದು, ಬ್ಯಾಟರಿ ತಗ್ಗಿದಾಗ ಸರ್ವರ್ ತಾನಾಗಿ ಶಟ್‌ಡೌನ್ ಆಗುವಂತೆ ಅದನ್ನು ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ, ನಟ್ (ನೆಟ್‌ವರ್ಕ್ ಯುಪಿಎಸ್ ಟೂಲ್ಸ್) ಎಂಬ ತಂತ್ರಾಂಶ ಹಾಕಿ, ಒಮ್ಮೆ ಪ್ಲಗ್ ಎಳೆದು ಪರೀಕ್ಷಿಸಿ.

ದೋಷ ಬಂದದ್ದು ತಿಂಗಳುಗಳ ನಂತರ ತಿಳಿಯಿತು. ಕೂಡಲೇ ತಿಳಿಯುವಂತೆ ಮಾಡುವುದು ಹೇಗೆ?

ಜೆಡ್ (ZED, ಜೆಡ್‌ಎಫ್‌ಎಸ್ ಇವೆಂಟ್ ಡೀಮನ್) ಎಂಬ ಹಿನ್ನೆಲೆ ಸೇವೆ ಓಪನ್‌ಜೆಡ್‌ಎಫ್‌ಎಸ್ ಜೊತೆಯಲ್ಲೇ ಬರುತ್ತದೆ. ಅದರ ಸೆಟ್ಟಿಂಗ್ ಕಡತದಲ್ಲಿ ಇಮೇಲ್ ವಿಳಾಸದ ಸಾಲನ್ನು ತುಂಬಿ, ಸರ್ವರ್‌ನಿಂದ ಮೇಲ್ ಹೊರಹೋಗುತ್ತದೆಯೇ ಎಂದು ಪರೀಕ್ಷಿಸಿ. ಮೇಲ್ ವ್ಯವಸ್ಥೆಯೇ ಇಲ್ಲದ ಸರ್ವರ್‌ನಲ್ಲಿ ವಿಳಾಸ ತುಂಬಿಟ್ಟು ನೆಮ್ಮದಿಯಾಗಿರುವವರು ಹಲವರಿದ್ದಾರೆ. ಸ್ಕ್ರಬ್ ಚೆನ್ನಾಗಿ ಮುಗಿದಾಗಲೂ ಮೇಲ್ ಬರುವಂತೆ ಮಾಡಿಕೊಳ್ಳಿ, ಏಕೆಂದರೆ ತಿಂಗಳ ಮೇಲ್ ಬಾರದಿದ್ದರೆ ವ್ಯವಸ್ಥೆಯೇ ನಿಂತಿದೆ ಎಂದು ಆಗ ತಿಳಿಯುತ್ತದೆ.

ಬದಲಾಯಿಸಿ ತೆಗೆದ ಡಿಸ್ಕನ್ನು ವಾರಂಟಿಗೆ ಕಳಿಸಬಹುದೇ?

ಕಳಿಸಬಹುದು, ಆದರೆ ರಿಸಿಲ್ವರ್ ಮುಗಿದು, ಅದರ ಮೇಲೊಂದು ಸ್ಕ್ರಬ್ ದೋಷವಿಲ್ಲದೆ ಪೂರ್ತಿಯಾಗುವವರೆಗೆ ಆ ಡಿಸ್ಕನ್ನು ಅಳಿಸದೆ ಇಟ್ಟುಕೊಳ್ಳಿ. ದೀರ್ಘ ಪರೀಕ್ಷೆ ವಿಫಲವಾದ ಸ್ಮಾರ್ಟ್ ವರದಿಯನ್ನು ಜೊತೆಗೆ ಲಗತ್ತಿಸಿದರೆ ಸೇವಾ ಕೇಂದ್ರದಲ್ಲಿ ವಾದ ಮಾಡುವ ಪ್ರಮೇಯ ಕಡಿಮೆಯಾಗುತ್ತದೆ. 199ನೇ ಅಂಶ ಮಾತ್ರ ಏರಿದ್ದು ಉಳಿದೆಲ್ಲ ಸೊನ್ನೆಯಿರುವ ಡಿಸ್ಕನ್ನು ಕಳಿಸಬೇಡಿ, ಹೊಸ ಕೇಬಲ್ ಹಾಕಿ ಮತ್ತೆ ಬಳಸಿ. ಕಳಿಸುವುದೇ ಆದರೆ ಡಿಸ್ಕ್ ಇನ್ನೂ ಬರೆಯುವ ಸ್ಥಿತಿಯಲ್ಲಿರುವಾಗಲೇ ಪೂರ್ತಿ ಸೊನ್ನೆ ಬರೆದು ಅಳಿಸಿ. ಅಳಿಸಲಾಗದಷ್ಟು ಕೆಟ್ಟಿದ್ದು, ಒಳಗೆ ರೋಗಿಗಳ ಅಥವಾ ಗ್ರಾಹಕರ ದಾಖಲೆಗಳು ಗೂಢಲಿಪೀಕರಣವಿಲ್ಲದೆ ಇದ್ದರೆ, ವಾರಂಟಿಯ ಹಣ ಬಿಟ್ಟು ಡಿಸ್ಕನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ.